‘ರಿದಮ್’ನಲ್ಲಿ ಸ್ವರ ಎಲ್ಲಿ ಅಡಗಿದೆ?

ಒಂದು ಸಣ್ಣ ಪರೀಕ್ಷೆಯಿಂದ ಶುರು ಮಾಡೋಣ. ಈ ಇಂಗ್ಲಿಷ್ ಪದಗಳ ಸ್ಪೆಲಿಂಗನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ: ಸ್ಕೈ, ಡ್ರೈ, ಜಿಮ್, ಮಿಥ್, ಕ್ರಿಪ್ಟ್, ಲಿಂಕ್ಸ್, ರಿದಮ್. ಏನಾದರೂ ಗಮನಿಸಿದಿರಾ? ಎ, ಈ, ಐ, ಓ, ಯು ಅಂತ ನಾವು ಬಾಯಿಪಾಠ ಮಾಡಿದ ಐದು ಸ್ವರಾಕ್ಷರಗಳಲ್ಲಿ ಒಂದೂ ಇವುಗಳಲ್ಲಿ ಇಲ್ಲ! ರಿದಮ್ ಅಂತೂ ಆರ್-ಎಚ್-ವೈ-ಟಿ-ಎಚ್-ಎಂ. ಆರಕ್ಷರ, ಆರೂ ‘ವ್ಯಂಜನ’. ಆದ್ರೂ ಬಾಯಲ್ಲಿ ಆರಾಮಾಗಿ ಹೊರಳುತ್ತೆ.

ನಾನು ಓದಿದ್ದು ಕನ್ನಡ ಮೀಡಿಯಂ. ಎಬಿಸಿಡಿ ಬಂದಿದ್ದು ಐದನೇ ಕ್ಲಾಸಿನಲ್ಲಿ. ಮೇಷ್ಟ್ರು ಬೋರ್ಡಿನ ಮೇಲೆ ಐದಕ್ಷರ ಬರೆದು, “ಇವು ಸ್ವರಗಳು, ಉಳಿದ 21 ವ್ಯಂಜನಗಳು, ಇವುಗಳಲ್ಲಿ ಒಂದಾದರೂ ಇಲ್ಲದೆ ಇಂಗ್ಲಿಷಿನಲ್ಲಿ ಪದವೇ ಇಲ್ಲ” ಅಂದಿದ್ರು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ “ಸಾರ್, ಸ್ಕೈನಲ್ಲಿ ಯಾವ್ದು ಸಾರ್?” ಅಂತ ಕೇಳಿದ. ಉತ್ತರವಾಗಿ ತಲೆಗೊಂದು ಮೊಟಕು ಸಿಕ್ಕಿತು, ಜೊತೆಗೆ “ಇಂಗ್ಲಿಷ್ ಅಂದ್ರೆ ಹಂಗೇ ಕಣೋ, ಬಾಯಿಪಾಠ ಹೊಡಿ” ಅನ್ನೋ ಬುದ್ಧಿಮಾತು. ಅವನು ಆ ವರ್ಷ ಇಂಗ್ಲಿಷ್ ಕ್ಲಾಸಿನಲ್ಲಿ ಮತ್ತೆ ಬಾಯಿ ಬಿಟ್ಟಿದ್ದು ನನಗೆ ನೆನಪಿಲ್ಲ.

ನನಗೆ ಈಗ ಅನ್ನಿಸೋದು, ಅದು ಪ್ರಶ್ನೆಗಳಲ್ಲೇ ಒಳ್ಳೇ ಪ್ರಶ್ನೆ ಅಂತ. ಅದಕ್ಕೆ ಉತ್ತರವೂ ಇದೆ, ಆದರೆ ಸುಮಾರು ಮೂರು ಸಾವಿರ ವರ್ಷ ಹಿಂದಕ್ಕೆ ಹೋಗಬೇಕು. ಬಿಡುವಿದ್ದರೆ ಬನ್ನಿ, ಹೋಗಿ ಬರೋಣ.

ಕಣ್ಣಿನ ಸ್ವರ, ಕಿವಿಯ ಸ್ವರ

ಮೊದಲು ಒಂದು ಗಂಟು ಬಿಡಿಸಿಕೊಳ್ಳಬೇಕು. ಸ್ವರ ಅನ್ನೋದು ಬಾಯಲ್ಲಿ ಹುಟ್ಟುವ ಧ್ವನಿ. ಸ್ವರಾಕ್ಷರ ಅನ್ನೋದು ಕಾಗದದ ಮೇಲಿನ ಗುರುತು. ಕನ್ನಡದಲ್ಲಿ ಇವೆರಡಕ್ಕೂ ಹೆಚ್ಚುಕಮ್ಮಿ ಒಂದಕ್ಕೊಂದು ಸರಿಹೊಂದುವುದರಿಂದ ನಾವು ಎರಡೂ ಒಂದೇ ಅಂದುಕೊಂಡುಬಿಡುತ್ತೇವೆ. ಇಂಗ್ಲಿಷಿನಲ್ಲಿ ಹಾಗಿಲ್ಲ. ಬ್ರಿಟಿಷ್ ಇಂಗ್ಲಿಷಿನಲ್ಲಿ ಸ್ವರಧ್ವನಿಗಳು ಸುಮಾರು 20, ಅಕ್ಷರಗಳು ಐದೇ. ಐದು ಜನ ಇಪ್ಪತ್ತು ಜನರ ಕೆಲಸ ಮಾಡಬೇಕಾದ ಆಫೀಸಿನ ಗತಿ ಏನಾಗುತ್ತೆ ಅಂತ ನಮ್ಮಂಥವರಿಗೆ ಬಿಡಿಸಿ ಹೇಳಬೇಕಾಗಿಲ್ಲ :-) ಪಕ್ಕದ ಟೀಮಿನಿಂದ ಆಳು ತರಲೇಬೇಕು. ಹಾಗೆ ಬಂದವರೇ ವೈ ಮತ್ತು ಡಬಲ್ಯೂ.

ತಮಾಷೆ ಅಂದ್ರೆ ಆ ಹುಡುಗನ ಪ್ರಶ್ನೆಗೆ ಕನ್ನಡ ಲಿಪಿಯೇ ಉತ್ತರ ಕೊಡುತ್ತೆ. ‘ಸ್ಕೈ’ ಅಂತ ಕನ್ನಡದಲ್ಲಿ ಬರೆದ ತಕ್ಷಣ ಐತ್ವ ಕಣ್ಣಿಗೆ ಹೊಡೆಯುತ್ತೆ. ‘ಜಿಮ್’ ಅಂತ ಬರೆದರೆ ಗುಡಿಸು ಕಾಣುತ್ತೆ. ನಮ್ಮ ಲಿಪಿಯಲ್ಲಿ ಸ್ವರವನ್ನು ಮುಚ್ಚಿಡೋಕೆ ಆಗಲ್ಲ. ಸುಮ್ಮನೆ ‘ಕ’ ಅಂತ ಬರೆದರೂ ಅದರೊಳಗೆ ‘ಅ’ ಕೂತಿರುತ್ತದೆ. ಅದನ್ನು ಓಡಿಸಿ ‘ಕ್’ ಮಾಡಬೇಕಾದರೆ ಮೇಲೊಂದು ಕೊಕ್ಕೆ ಹಾಕಬೇಕು. ಯೂನಿಕೋಡಿನಲ್ಲಿ ನೋಡಿ, ‘ಕ’ ಒಂದೇ ಸಂಕೇತ, ‘ಕ್’ ಎರಡು ಸಂಕೇತ. ಅಂದ್ರೆ ನಮಗೆ ಸ್ವರ ಇಲ್ಲದಿರುವುದೇ ದುಬಾರಿ. ಇಂಗ್ಲಿಷಿನಲ್ಲಿ ಸ್ವರ ಇರುವುದು ದುಬಾರಿ, ಒಂದೊಂದಕ್ಕೂ ಬೇರೆ ಅಕ್ಷರ ತೆರಬೇಕು. ಬರಹದಲ್ಲೋ ನುಡಿಯಲ್ಲೋ ಟೈಪ್ ಮಾಡುವ ನಿಮಗೆ ಇದು ಬೆರಳಿಗೇ ಗೊತ್ತಿರುವ ಸಂಗತಿ.

ಒಂದು ಕೊಕ್ಕೆ, ಐದು ಮಕ್ಕಳು

ಇನ್ನು ಹಿಂದಕ್ಕೆ ಹೋಗೋಣ. ಇಂದಿನ ಲೆಬನಾನ್ ಕರಾವಳಿಯಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಫಿನೀಷಿಯನ್ನರು ಮೂರು ಸಾವಿರ ವರ್ಷಗಳ ಹಿಂದೆ 22 ಅಕ್ಷರಗಳ ಒಂದು ಲಿಪಿ ಬಳಸುತ್ತಿದ್ದರು. ಇಪ್ಪತ್ತೆರಡೂ ವ್ಯಂಜನಗಳೇ! ಸ್ವರಗಳನ್ನು ಓದುವವನೇ ತುಂಬಿಕೊಳ್ಳಬೇಕು. ಅವರ ಭಾಷೆಯ ಕಟ್ಟಡ ನಿಂತಿದ್ದೇ ವ್ಯಂಜನಗಳ ಮೇಲೆ, ಹಾಗಾಗಿ ಅವರಿಗೆ ತೊಂದರೆಯಾಗಲಿಲ್ಲ. ಅದೇ ಕುಟುಂಬದ ಹೀಬ್ರೂ, ಅರಬ್ಬೀ ಭಾಷೆಗಳನ್ನು ಇವತ್ತಿಗೂ ಬಹುಮಟ್ಟಿಗೆ ಹೀಗೇ ಬರೆಯುತ್ತಾರೆ.

ಹುಚ್ಚು ಪದ್ಧತಿ ಅನ್ನಿಸಿತಾ? ನಮ್ಮ ಕಸುಬಿನವರೂ ಅದನ್ನೇ ಮಾಡಿದ್ದಾರೆ. ಯೂನಿಕ್ಸ್ ಬರೆದವರು ಕಾಪಿಗೆ ‘ಸಿಪಿ’, ಮೂವ್‌ಗೆ ‘ಎಂವಿ’, ರಿಮೂವ್‌ಗೆ ‘ಆರ್‌ಎಂ’ ಅಂತ ಇಟ್ಟರು. 2004ರಲ್ಲಿ ಬಂದ ಫ್ಲಿಕರ್, 2007ರಲ್ಲಿ ಬಂದ ಟಂಬ್ಲರ್ ಎರಡೂ ತಮ್ಮ ಹೆಸರಿನ ಕೊನೆಯ ‘ಈ’ಯನ್ನು ಕಿತ್ತು ಬಿಸಾಕಿದವು. 2006ರಲ್ಲಿ ಟ್ವಿಟರ್ ಹುಟ್ಟಿದಾಗ ಅದರ ಹೆಸರಿನಲ್ಲಿ ಇದ್ದಿದ್ದು ಟಿ-ಡಬಲ್ಯೂ-ಟಿ-ಟಿ-ಆರ್ ಅನ್ನೋ ಐದೇ ಅಕ್ಷರ. ವ್ಯಂಜನ ಉಳಿದರೆ ಪದದ ಗುರುತು ಉಳಿಯುತ್ತೆ ಅನ್ನೋ ಲೆಕ್ಕಾಚಾರ. ಆದರೆ ಇವೆಲ್ಲ ಸ್ವರವನ್ನು ಬೇಕಂತಲೇ ಬಿಟ್ಟ ಪದಗಳು. ಸ್ಕೈ, ರಿದಮ್‌ಗಳ ಕಥೆ ಬೇರೆ. ಅಲ್ಲಿ ಸ್ವರ ಬಿಟ್ಟಿಲ್ಲ, ಬೇರೆ ವೇಷದಲ್ಲಿ ಇದೆ.

ಆ ವೇಷ ಹೊಲಿದವರು ಗ್ರೀಕರು. ಕ್ರಿ.ಪೂ. 8ನೇ ಶತಮಾನದ ಹೊತ್ತಿಗೆ ಅವರು ಫಿನೀಷಿಯನ್ ಲಿಪಿಯನ್ನು ತಮ್ಮದಾಗಿಸಿಕೊಂಡಿದ್ದರು. ಗ್ರೀಕಿನಲ್ಲಿ ಸ್ವರ ಬಿಟ್ಟು ಬರೆದರೆ ಅರ್ಥ ಕೆಡುತ್ತದೆ. ಹಾಗಾಗಿ ತಮ್ಮ ಬಾಯಿಗೆ ಹೊಂದದ ಫಿನೀಷಿಯನ್ ವ್ಯಂಜನಗಳನ್ನು ಸ್ವರಗಳಿಗೆ ಹಚ್ಚಿದರು. ಎತ್ತು ಅನ್ನೋ ಅರ್ಥದ ‘ಆಲೆಫ್’ ಅವರ ಆಲ್ಫಾ ಆಯಿತು, ಅದೇ ಇವತ್ತಿನ ಎ. ಕಣ್ಣು ಅನ್ನೋ ಅರ್ಥದ ‘ಅಯಿನ್’ ದುಂಡಗಿನ ಓ ಆಯಿತು. ಯ-ಕಾರದ ‘ಯೋದ್’ ಹೋಗಿ ‘ಇ’ ಧ್ವನಿಯ ಐಯೋಟಾ ಆಯಿತು. ವ-ಕಾರದ ‘ವಾವ್’ (ಅರ್ಥ, ಕೊಕ್ಕೆ) ಹೋಗಿ ‘ಉ’ ಧ್ವನಿಯ ಉಪ್ಸಿಲಾನ್ ಆಯಿತು.

ಕೊನೆಯ ಎರಡನ್ನು ಇನ್ನೊಂದು ಸಲ ಓದಿ. ಯ ಹೋಗಿ ಇ, ವ ಹೋಗಿ ಉ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ತಡೀರಿ, ಅದಕ್ಕೆ ಆಮೇಲೆ ಬರ್ತೀನಿ.

ಈ ವಾವ್ ಮಹಾರಾಯನ ಸಂಸಾರ ದೊಡ್ಡದು. ಇವತ್ತಿನ ಇಂಗ್ಲಿಷ್ ಅಕ್ಷರಮಾಲೆಯ ಎಫ್, ಯು, ವಿ, ಡಬಲ್ಯೂ, ವೈ ಐದೂ ಅದೊಂದೇ ಕೊಕ್ಕೆಯ ವಂಶದವು. ಅಂದ್ರೆ ‘ಸ್ವರ’ ಅಂತ ಪಟ್ಟ ಸಿಕ್ಕ ಯು ಮತ್ತು ‘ವ್ಯಂಜನ’ ಅಂತ ಹೊರಗುಳಿದ ವೈ, ಡಬಲ್ಯೂ ಒಂದೇ ಮನೆಯ ಮಕ್ಕಳು. ಯು ಮತ್ತು ವಿ ಬೇರೆ ಬೇರೆ ಅಕ್ಷರ ಅಂತ ತೀರ್ಮಾನವಾಗಿದ್ದೂ ಬಹಳ ಈಚೆಗೆ. 1755ರ ಸ್ಯಾಮ್ಯುಯೆಲ್ ಜಾನ್ಸನ್ನರ ಪ್ರಸಿದ್ಧ ನಿಘಂಟಿನಲ್ಲಿ ಕೂಡ ಯು, ವಿ ಪದಗಳು ಒಂದೇ ಗುಂಪಿನಲ್ಲಿ ಕಲೆತುಕೊಂಡಿವೆ.

ರೋಮಿಗೆ ಬಂದ ಗ್ರೀಕ್ ಅತಿಥಿ

ಗ್ರೀಕರಿಂದ ಇಟಲಿಯ ಎಟ್ರಸ್ಕನ್ನರು, ಅವರಿಂದ ರೋಮನ್ನರು ಲಿಪಿ ಕಲಿತರು. ಉಪ್ಸಿಲಾನ್ ಅಲ್ಲಿ ವಿ ಆಕಾರ ತಾಳಿ ಉ, ವ ಎರಡೂ ಕೆಲಸ ಮಾಡಿಕೊಂಡಿತ್ತು. ಈ ಮಧ್ಯೆ ಅಥೆನ್ಸಿನ ಕಡೆಯ ಗ್ರೀಕಿನಲ್ಲಿ ಉಪ್ಸಿಲಾನಿನ ಉಚ್ಚಾರಣೆಯೇ ಬದಲಾಯಿತು. ತುಟಿ ‘ಉ’ ಅನ್ನುವಾಗಿನಂತೆ ದುಂಡಗಿಟ್ಟು, ನಾಲಿಗೆಯಲ್ಲಿ ‘ಇ’ ಹೇಳಿ ನೋಡಿ. ಆಫೀಸಿನಲ್ಲಿದ್ದರೆ ಬೇಡ, ಪಕ್ಕದವರು ಗಾಬರಿಯಾದಾರು. ಫ್ರೆಂಚ್ ಕಲಿತವರಿಗೆ ಈ ಧ್ವನಿ ಪರಿಚಯ. ಲ್ಯಾಟಿನ್‌ನಲ್ಲಿ ಅದು ಇರಲಿಲ್ಲ.

ಕ್ರಿ.ಪೂ. 1ನೇ ಶತಮಾನದಲ್ಲಿ ಗ್ರೀಕ್ ಪದಗಳು ರೋಮಿಗೆ ಧಾರಾಳವಾಗಿ ನುಗ್ಗಿದಾಗ, ರೋಮನ್ನರು ಉಪ್ಸಿಲಾನನ್ನೇ ಇನ್ನೊಂದು ಸಲ ಎರವಲು ತಂದರು. ಅದೇ ವೈ. ಜೊತೆಗೆ ಝಡ್ಡನ್ನೂ ತಂದರು. ಕೊನೆಗೆ ಬಂದವರಿಗೆ ಕೊನೆಯ ಸೀಟು. ಅಕ್ಷರಮಾಲೆಯ ತುದಿಯಲ್ಲಿ ವೈ-ಝಡ್ ಇರುವುದು ಇದಕ್ಕೇ. ಫ್ರೆಂಚರು ಇವತ್ತಿಗೂ ಈ ಅಕ್ಷರವನ್ನು ‘ಇ ಗ್ರೆಕ್’, ಅಂದರೆ ಗ್ರೀಕ್ ಇ, ಅಂತಲೇ ಕರೆಯುತ್ತಾರೆ. ಜರ್ಮನ್ನರಿಗೆ ಅದು ‘ಉಪ್ಸಿಲಾನ್’. ಹೆಸರೇ ಹೇಳುತ್ತೆ, ಅದು ಹುಟ್ಟಾ ಸ್ವರ, ವ್ಯಂಜನವಲ್ಲ!

ಗ್ರೀಕ್ ಪದ ಯಾವಾಗ ಎರವಲು ಬಂತು ಅನ್ನೋದನ್ನು ಈ ಅಕ್ಷರವೇ ಹೇಳಿಬಿಡುತ್ತದೆ. ಹಡಗಿನ ಚುಕ್ಕಾಣಿ ಹಿಡಿಯೋದಕ್ಕೆ ಗ್ರೀಕಿನಲ್ಲಿ ಒಂದು ಕ್ರಿಯಾಪದ ಇತ್ತು. ಬಹಳ ಹಿಂದೆಯೇ ಲ್ಯಾಟಿನ್‌ಗೆ ಬಂದಾಗ ಅದು ಉ-ಕಾರ ಹಾಕಿಕೊಂಡು ‘ಗುಬರ್ನಾರೆ’ ಆಯಿತು. ಅದರಿಂದ ಗವರ್ನ್, ಗವರ್ನಮೆಂಟ್. 1948ರಲ್ಲಿ ನಾರ್ಬರ್ಟ್ ವೀನರ್ ಅದೇ ಗ್ರೀಕ್ ಮೂಲಕ್ಕೆ ಮತ್ತೆ ಹೋಗಿ ‘ಸೈಬರ್ನೆಟಿಕ್ಸ್’ ಅನ್ನೋ ಪುಸ್ತಕ ಬರೆದರು. ಈ ಸಲ ವೈ ಬಂತು. ಹಾಗಾಗಿ ಸೈಬರ್ ಮತ್ತು ಸರ್ಕಾರ ಒಂದೇ ಬೇರಿನವು. ಸೈಬರ್ ಕಾನೂನು ಮಾಡೋರಿಗೆ ಇದು ಗೊತ್ತಿದೆಯೋ ಇಲ್ಲವೋ!

ಅಂದ ಹಾಗೆ, ಕ್ರಿ.ಶ. 41ರಿಂದ 54ರವರೆಗೆ ಆಳಿದ ಕ್ಲಾಡಿಯಸ್ ಚಕ್ರವರ್ತಿಗೆ ಲಿಪಿ ಸುಧಾರಣೆಯ ಹುಚ್ಚು. ಅವನು ಸೇರಿಸಿದ ಮೂರು ಹೊಸ ಅಕ್ಷರಗಳಲ್ಲಿ ಒಂದು, ಎಚ್ ಅಕ್ಷರವನ್ನು ಅರ್ಧ ಕತ್ತರಿಸಿದಂತಿದ್ದದ್ದು, ಶಾಸನಗಳಲ್ಲಿ ಗ್ರೀಕ್ ಪದಗಳ ವೈ ಜಾಗದಲ್ಲಿ ಕಾಣುತ್ತದೆ. ಚಕ್ರವರ್ತಿ ಸತ್ತ, ಅಕ್ಷರಗಳೂ ಸತ್ತವು. ಚಕ್ರವರ್ತಿ ಆಜ್ಞೆ ಮಾಡಿದರೂ ಜನ ಬರೆಯದಿದ್ದರೆ ಅಕ್ಷರ ಬದುಕುವುದಿಲ್ಲ. ಯೂನಿಕೋಡಿನಲ್ಲಿ ಮಾತ್ರ ಅವಕ್ಕೊಂದು ಸಮಾಧಿ ಸಿಕ್ಕಿದೆ.

ಇಲಿಯ ಬಹುವಚನ

ಕ್ರಿ.ಶ. 597ರಲ್ಲಿ ರೋಮಿನಿಂದ ಪಾದ್ರಿಗಳು ಇಂಗ್ಲೆಂಡಿಗೆ ಬಂದರು, ಅವರ ಹಿಂದೆ ಲ್ಯಾಟಿನ್ ಲಿಪಿ ಬಂತು. ಅಲ್ಲಿಯ ಹಳೆಯ ಇಂಗ್ಲಿಷಿನಲ್ಲಿ, ಅದೃಷ್ಟವೋ ಏನೋ, ಆ ದುಂಡು ತುಟಿಯ ‘ಇ’ ಧ್ವನಿ ನಿಜಕ್ಕೂ ಇತ್ತು. ವೈ ಅಕ್ಷರಕ್ಕೆ ಕೊನೆಗೂ ಅದರ ಯೋಗ್ಯತೆಗೆ ತಕ್ಕ ಕೆಲಸ ಸಿಕ್ಕಿತು. ಇಲಿಗೆ ‘ಮೂಸ್’ ಅನ್ನುತ್ತಿದ್ದರು, ಹಲವು ಇಲಿಗಳಿಗೆ ಎಂ-ವೈ-ಎಸ್. ಇವತ್ತಿನ ಮೌಸ್, ಮೈಸ್. ಅಂದ್ರೆ ‘ಮೈಸ್’ ಕೂಡ ಒಂದು ಕಾಲಕ್ಕೆ ಐದು ಸ್ವರಾಕ್ಷರಗಳ ಹಂಗಿಲ್ಲದ ಪದವೇ. ಬೆಟ್ಟದ ಹಿಲ್, ಪಾಪದ ಸಿನ್, ನೆಂಟರ ಕಿನ್, ರಾಜನ ಕಿಂಗ್ ಎಲ್ಲಕ್ಕೂ ಆಗ ಐ ಇರಲಿಲ್ಲ, ವೈ ಇತ್ತು.

ಮುಂದೆ ಆ ಧ್ವನಿ ಸವೆದುಹೋಯಿತು. ಉತ್ತರದಲ್ಲಿ ಮತ್ತು ಲಂಡನ್ನಿನ ಆಚೆಯ ಪೂರ್ವ-ಮಧ್ಯ ಸೀಮೆಯಲ್ಲಿ ಅದು ‘ಇ’ ಆಯಿತು, ಆಗ್ನೇಯದ ಕೆಂಟ್‌ನಲ್ಲಿ ‘ಎ’ ಆಯಿತು, ಪಶ್ಚಿಮದಲ್ಲಿ ದುಂಡಗೇ ಉಳಿದು ಅದನ್ನು ಯು ಅಕ್ಷರದಲ್ಲಿ ಬರೆಯತೊಡಗಿದರು. ಇದರ ಅವಶೇಷ ನಮ್ಮ ಬಾಯಲ್ಲಿ ದಿನಾ ಇದೆ. ‘ಬಿಝಿ’ ಅನ್ನೋ ಪದದ ಸ್ಪೆಲಿಂಗ್ ಪಶ್ಚಿಮದ್ದು, ಉಚ್ಚಾರಣೆ ಪೂರ್ವ-ಮಧ್ಯದ್ದು. ಹೂಳುವುದು ಅನ್ನೋ ಅರ್ಥದ ‘ಬೆರಿ’ಯ ಸ್ಪೆಲಿಂಗ್ ಪಶ್ಚಿಮದ್ದು, ಉಚ್ಚಾರಣೆ ಕೆಂಟ್‌ನದ್ದು. ಮಂಗಳೂರಿನವರು ಬರೆದಿದ್ದನ್ನು ಧಾರವಾಡದವರು ತಮ್ಮ ಧಾಟಿಯಲ್ಲಿ ಓದಿ, ಅದನ್ನೇ ಬೆಂಗಳೂರಿನ ಪಠ್ಯಪುಸ್ತಕದಲ್ಲಿ ಹಾಕಿಬಿಟ್ಟರೆ ಹೇಗಿರುತ್ತೋ ಹಾಗೆ. ಇಂಗ್ಲಿಷ್ ಸ್ಪೆಲಿಂಗಿಗೆ ತಲೆಬುಡ ಇಲ್ಲ ಅಂತೀವಲ್ಲ, ಇದೆ. ತಲೆ ಒಂದೂರಿನದು, ಬುಡ ಇನ್ನೊಂದೂರಿನದು ಅಷ್ಟೇ.

ಗೀಟುಗಳ ಗೊಂದಲ

ಧ್ವನಿ ಹೋದ ಮೇಲೆ ವೈ ನಿರುದ್ಯೋಗಿ. ಐ ಮತ್ತು ವೈ ಎರಡಕ್ಕೂ ಒಂದೇ ಉಚ್ಚಾರಣೆ. ಅದನ್ನು ಕಾಪಾಡಿದ್ದು ಕೈಬರಹ. ಮಧ್ಯಯುಗದ ದಪ್ಪ ಲೇಖನಿಯಲ್ಲಿ ಐ ಅಂದರೆ ಒಂದು ನೆಟ್ಟ ಗೀಟು, ಎನ್ ಅಂದರೆ ಎರಡು, ಯು ಕೂಡ ಎರಡು, ಎಂ ಅಂದರೆ ಮೂರು. ಐ ಮೇಲೆ ಈಗಿನ ಚುಕ್ಕಿಯೂ ಖಾಯಂ ಆಗಿರಲಿಲ್ಲ. ‘ಮಿನಿಮ್’ ಅಂತ ಬರೆದರೆ ಸಾಲಾಗಿ ಹತ್ತು ಗೀಟು, ಬೇಲಿ ನೆಟ್ಟ ಹಾಗೆ! ಓದುವವನು ಎಣಿಸುತ್ತಾ ಕೂರಬೇಕು. ಹಾಗಾಗಿ ಲಿಪಿಕಾರರು ಗೀಟುಗಳ ನಡುವೆ ಐ ಬದಲು ಬಾಲ ಇಳಿಬಿಟ್ಟ ವೈ ಬರೆಯುವುದು ರೂಢಿಯಾಯಿತು. ಸನ್, ಲವ್, ಕಮ್ ಪದಗಳಲ್ಲಿ ಯು ಇರಬೇಕಾದಲ್ಲಿ ಓ ಬಂದು ಕೂತಿರುವುದೂ ಈ ಬೇಲಿ ಒಡೆಯೋದಕ್ಕೇ ಅಂತ ವಿವರಿಸುತ್ತಾರೆ.

ಪದದ ಕೊನೆಗೆ ಬಾಲದ ವೈ ಚೆಂದ ಕಾಣುತ್ತೆ ಅಂತ ಅಲ್ಲಿ ಅದು ಖಾಯಂ ಆಯಿತು. ‘ಫ್ಲೈ’ಗೆ ವೈ, ಮುಂದೆ ಪ್ರತ್ಯಯ ಬಂದು ‘ಫ್ಲೈಸ್’ ಆದರೆ ಮತ್ತೆ ಐ. ನಾವು ‘ರೂಲ್’ ಅಂತ ಉರು ಹೊಡೆದಿದ್ದು ಯಾರೋ ಲಿಪಿಕಾರರ ಕೈಚಳಕ! ‘ಕರಿ’ ಅನ್ನೋ ನಮ್ಮ ದಕ್ಷಿಣದ ಪದ ಇಂಗ್ಲಿಷಿಗೆ ಹೋದಾಗಲೂ ಕೊನೆಗೆ ವೈ ಅಂಟಿಕೊಂಡಿತು. ಮೈಸೂರಿನ ‘ಮೈ’ಗೂ ವೈ ಬಂತು. 2014ರ ನವೆಂಬರ್ 1ರಂದು ಊರಿನ ಇಂಗ್ಲಿಷ್ ಹೆಸರನ್ನು ತಿದ್ದಿದಾಗ ಬಾಲ ಬದಲಾಯಿತು, ವೈ ಮಾತ್ರ ಅಲ್ಲೇ ಉಳಿಯಿತು.

ಈಗ ಆ ಚಿಕ್ಕ ಚಿಕ್ಕ ಪದಗಳನ್ನು ಒಂದೊಂದಾಗಿ ಹಿಡಿದು ನೋಡಿ. ‘ಡ್ರೈ’ ಮತ್ತು ಯಾಕೆ ಅನ್ನುವ ‘ವೈ’ ಹಳೆಯ ಇಂಗ್ಲಿಷಿನವೇ, ಅವುಗಳ ವೈ ಅಸಲಿ. ‘ಸ್ಕೈ’ ವೈಕಿಂಗರು ತಂದ ಪದ. ಅವರ ಭಾಷೆಯಲ್ಲಿ ಅದರ ಅರ್ಥ ಮೋಡ. ಇಂಗ್ಲೆಂಡಿನ ಹವೆ ನೋಡಿದವರಿಗೆ ಮೋಡ, ಆಕಾಶ ಒಂದೇ ಆಗಿದ್ದರಲ್ಲಿ ಆಶ್ಚರ್ಯವಿಲ್ಲ. ‘ಕ್ರೈ’, ‘ಟ್ರೈ’, ‘ಸ್ಪೈ’ 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಫ್ರೆಂಚ್‌ನಿಂದ ಬಂದವು. ‘ಮೈ’, ‘ಬೈ’ಗಳಲ್ಲಿ ಮೊದಲು ಇದ್ದಿದ್ದು ಐ, ಲಿಪಿಕಾರರು ವೈ ತೊಡಿಸಿದರು. ಇವೆಲ್ಲ ಆಗ ‘ಕ್ರೀ’, ‘ಮೀ’ ಅನ್ನೋ ಹಾಗೆ ಈ-ಕಾರದಲ್ಲಿದ್ದವು. ಸುಮಾರು 1400ರಿಂದ 1700ರವರೆಗೆ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಪಲ್ಲಟವಾದಾಗ ಈ-ಕಾರ ಐ-ಕಾರವಾಯಿತು, ಸ್ಪೆಲಿಂಗ್ ಇದ್ದಲ್ಲೇ ಇತ್ತು. ಮೂರು ಮೂರು ಅಕ್ಷರದ ಈ ಪದಗಳ ಸಾಲಿನಲ್ಲಿ ಒಂದು ದೇಶದ ಮೇಲೆ ಯಾರು ಯಾರು ದಂಡೆತ್ತಿ ಬಂದರು ಅನ್ನೋ ಪಟ್ಟಿಯೇ ಇದೆ!

ಗ್ರೀಕ್ ಮೋಹ

16ನೇ ಶತಮಾನದ ಹೊತ್ತಿಗೆ ಇಂಗ್ಲೆಂಡಿನ ಪಂಡಿತರಿಗೆ ಗ್ರೀಕ್, ಲ್ಯಾಟಿನ್ ಮೋಹ ಹತ್ತಿತು. ನಮ್ಮಲ್ಲಿ ಸಂಸ್ಕೃತ ಪದ ಹಾಕಿದರೆ ತೂಕ ಅಂದುಕೊಳ್ಳುತ್ತಿದ್ದರಲ್ಲ, ಹಾಗೆ. ರಿದಮ್, ನಿಂಫ್, ಕ್ರಿಪ್ಟ್, ಹಿಮ್ ಎಲ್ಲ ಗ್ರೀಕ್ ಮೂಲದ ವೈ ಸಮೇತ ನೆಲೆಯಾದವು. ಮಿಥ್ ಇನ್ನೂ ತಡವಾಗಿ, 19ನೇ ಶತಮಾನದಲ್ಲಿ ಬಂತು. ಚರ್ಚಿನ ಹಾಡಾದ ಹಿಮ್ ಹಳೆಯ ಇಂಗ್ಲಿಷಿನಲ್ಲಿ ಎಚ್ ಇಲ್ಲದೆ ಸುಖವಾಗಿತ್ತು, ಪಂಡಿತರು ಮೂಲ ನೋಡಿ ಎಚ್ ಕೂಡಿಸಿದರು. ಮೋಹ ಎಲ್ಲಿಗೆ ಮುಟ್ಟಿತೆಂದರೆ ‘ಸ್ಟೈಲ್’ ಪದಕ್ಕೂ ವೈ ಬಂತು. ಅದರ ಮೂಲ ಲ್ಯಾಟಿನ್ ಪದದಲ್ಲಿ ಇದ್ದಿದ್ದು ಐ. ಗ್ರೀಕ್ ಇರಬೇಕು ಅಂತ ತಪ್ಪಾಗಿ ಊಹಿಸಿ ಬದಲಾಯಿಸಿದ್ದು. ಬರೀ ಸ್ಟೈಲಿಗೆ ಅಂತ ಹಾಕಿದ ವೈ :-)

ಇಟಲಿ, ಸ್ಪೇನಿನವರು ಈ ತಲೆನೋವು ಇಟ್ಟುಕೊಳ್ಳಲಿಲ್ಲ. ಅವರ ರಿತ್ಮೊ, ಮಿತೊಗಳಲ್ಲಿ ಸೀದಾ ಐ ಅಕ್ಷರ. ಕಿವಿಗೆ ಕೇಳಿದ್ದನ್ನು ಬರೆದರು. ಇಂಗ್ಲಿಷರು ಪದದ ಊರು ಕೇರಿ ಬರೆದರು.

ಈ ಗುಂಪಿನಲ್ಲಿ ನನಗೆ ಇಷ್ಟದ್ದು ‘ಸಿಝಿಜಿ’. ಆರಕ್ಷರದಲ್ಲಿ ಮೂರು ವೈ. ಸೂರ್ಯ, ಚಂದ್ರ, ಭೂಮಿ ಒಂದೇ ಗೆರೆಗೆ ಬರುವುದಕ್ಕೆ ಖಗೋಳದವರು ಬಳಸುವ ಪದ, ನಮ್ಮ ಅಮಾವಾಸ್ಯೆ-ಹುಣ್ಣಿಮೆಗಳು. ಗ್ರೀಕಿನಲ್ಲಿ ಅದರ ಅರ್ಥ ‘ಜೊತೆಗೆ ನೊಗ ಕಟ್ಟಿದ್ದು’. ಅದರೊಳಗಿನ ‘ನೊಗ’ದ ಗ್ರೀಕ್ ಪದವೂ, ಇಂಗ್ಲಿಷಿನ ‘ಯೋಕ್’ ಪದವೂ, ಸಂಸ್ಕೃತದ ಯುಗ, ಯೋಗಗಳೂ ಒಂದೇ ಬೇರಿನವು. ಪಂಚಾಂಗದಲ್ಲಿ ‘ಯೋಗ’ ಅಂತ ಓದುವ ನಮ್ಮಜ್ಜಿಗೂ, ದುರ್ಬೀನು ಹಿಡಿದ ವಿಜ್ಞಾನಿಗೂ ಇಷ್ಟು ಹತ್ತಿರದ ನೆಂಟಸ್ತಿಕೆ!

ಎವರೆಸ್ಟಿನ ಮೇಲೊಂದು ವೆಲ್ಷ್ ಪದ

ಇಲ್ಲಿಯವರೆಗೆ ವೈ ಪುರಾಣ ಆಯಿತು. ಆದರೆ ವೈ ಕೂಡ ಇಲ್ಲದ ಎರಡು ಪದ ಇಂಗ್ಲಿಷ್ ನಿಘಂಟಿನಲ್ಲಿವೆ. ಸಿ-ಡಬಲ್ಯೂ-ಎಂ, ಉಚ್ಚಾರಣೆ ‘ಕೂಮ್’, ಅರ್ಥ ಕಣಿವೆ. ಸಿ-ಆರ್-ಡಬಲ್ಯೂ-ಟಿ-ಎಚ್, ‘ಕ್ರೂತ್’, ಕಮಾನಿನಿಂದ ನುಡಿಸುವ ಒಂದು ಹಳೆಯ ತಂತಿವಾದ್ಯ. ಎರಡೂ ವೇಲ್ಸಿನವು. ವೆಲ್ಷ್ ಭಾಷೆಯಲ್ಲಿ ಯು ಅಕ್ಷರ ಇ-ಕಾರದಂಥ ಧ್ವನಿಗೆ ಮೀಸಲು. ಹಾಗಾಗಿ ಉ-ಕಾರಕ್ಕೆ ಡಬಲ್ಯೂ ಬಳಸುತ್ತಾರೆ. ಅವರ ಮಕ್ಕಳು ಶಾಲೆಯಲ್ಲಿ ಕಲಿಯುವ ಸ್ವರಾಕ್ಷರಗಳು ಏಳು, ಅದರಲ್ಲಿ ಡಬಲ್ಯೂ, ವೈ ಎರಡೂ ಇವೆ. ‘ಡಬಲ್ ಯು’ ಅನ್ನೋ ಹೆಸರೇ ಎರಡು ಯು ಜೋಡಿಸಿದ ಕಥೆ ಹೇಳುವಾಗ, ಅದು ಸ್ವರ ಆಗಿದ್ದರಲ್ಲಿ ತಪ್ಪೇನು?

ಕಣಿವೆಯ ಆ ಪದ ನಮ್ಮ ಹಿಮಾಲಯಕ್ಕೂ ಏರಿದೆ. 1921ರಲ್ಲಿ ಎವರೆಸ್ಟಿನ ದಾರಿ ಹುಡುಕಲು ಹೋದ ಬ್ರಿಟಿಷ್ ತಂಡದ ಜಾರ್ಜ್ ಮ್ಯಾಲೊರಿ, ಶಿಖರದ ಪಶ್ಚಿಮಕ್ಕೆ ಬಿದ್ದಿದ್ದ ಹಿಮದ ಕಣಿವೆಗೆ ‘ವೆಸ್ಟರ್ನ್ ಕೂಮ್’ ಅಂತ ಹೆಸರಿಟ್ಟ. ವೇಲ್ಸಿನ ಬೆಟ್ಟಗಳಲ್ಲಿ ಹತ್ತಿ ಪಳಗಿದ್ದ ಅವನ ಬಾಯಿಗೆ ಬಂದಿದ್ದು ಆ ಪದ. 1953ರಲ್ಲಿ ತೇನ್ಸಿಂಗ್, ಹಿಲರಿ ಏರಿದ್ದು ಈ ಕಣಿವೆಯ ಮೂಲಕವೇ. ತನ್ನ ವೇಲ್ಸಿನಲ್ಲೇ ಬಹಳ ಕಾಲ ಸರ್ಕಾರಿ ಕಚೇರಿಗಳಿಂದ ಹೊರಗಿದ್ದ ಭಾಷೆಯ ಒಂದು ಪದ, ತನ್ನ ಸ್ಪೆಲಿಂಗನ್ನು ಬಿಡದೆ, ಜಗತ್ತಿನ ನೆತ್ತಿಯ ಹತ್ತಿರ ಕೂತಿದೆ. ಕನ್ನಡದಲ್ಲಿ ಬರೆಯುವ ನಮಗೆ ಇದನ್ನು ಓದಿದಾಗ ಒಳಗೊಳಗೇ ಖುಷಿ ಆಗದೆ ಇರುತ್ತಾ?

ರಿದಮ್‌ನ ಎರಡನೇ ಸ್ವರ

ತಲೆಬರಹದ ಪ್ರಶ್ನೆ ಇನ್ನೂ ಅರ್ಧ ಬಾಕಿ. ರಿದಮ್ ಪದದಲ್ಲಿ ಎರಡು ಉಚ್ಚಾರದ ತುಂಡುಗಳಿವೆ, ರಿ ಮತ್ತು ದಮ್. ‘ರಿ’ಗೆ ವೈ ಇದೆ. ‘ದಮ್’ಗೆ ಏನೂ ಇಲ್ಲ! ಇಂಗ್ಲಿಷರ ಬಾಯಲ್ಲಿ ಇಲ್ಲಿ ‘ಅ’ ಬಂದರೂ ಬಹಳ ಕ್ಷೀಣ. ಎಷ್ಟೋ ಸಲ ಮ್ ಧ್ವನಿಯೇ ಸ್ವರದ ಜಾಗದಲ್ಲಿ ನಿಂತು ತುಂಡನ್ನು ಹೊರುತ್ತದೆ. ‘ಹ್ಮ್ಮ್’, ‘ಶ್ಶ್’ ಅಂತೀವಲ್ಲ, ಅಲ್ಲೂ ವ್ಯಂಜನವೇ ಸ್ವರದ ಕೆಲಸ ಮಾಡುವುದು.

ವ್ಯಂಜನ ಸ್ವರವಾಗೋದು ವಿಚಿತ್ರ ಅನ್ನಿಸಿದರೆ ನಮ್ಮ ವರ್ಣಮಾಲೆ ತೆಗೆಯಿರಿ. ಅ ಆ ಇ ಈ ಉ ಊ ಆದ ಮೇಲೆ ಬರುವ ‘ಋ’ ಯಾರು? ರ-ಕಾರವೇ ಸ್ವರವಾಗಿ ನಿಂತದ್ದು. ಈಗ ನಾವು ಅದನ್ನು ‘ರು’ ಅಂತೀವಿ, ಉತ್ತರದವರು ‘ರಿ’ ಅಂತಾರೆ, ಹಾಗಾಗಿಯೇ ನಮಗೆ ಕ್ರುಷ್ಣ, ಅವರಿಗೆ ಕ್ರಿಷ್ಣ. ಮೂಲದಲ್ಲಿ ಉ-ವೂ ಇಲ್ಲ, ಇ-ಯೂ ಇಲ್ಲ. ಚೆಕ್ ಭಾಷೆಯಲ್ಲಿ ಇಂಥದ್ದು ಈಗಲೂ ಜೀವಂತ. ಅವರು ತೋಳಕ್ಕೆ ವಿ-ಎಲ್-ಕೆ ಅಂತ ಮೂರೇ ಅಕ್ಷರ ಬರೆಯುತ್ತಾರೆ. ಸಂಸ್ಕೃತದ ‘ವೃಕ’ ಅದರ ಅಣ್ಣತಮ್ಮ. ತೋಳದ ಹೊಟ್ಟೆಯ ಭೀಮ ‘ವೃಕೋದರ’ ಆದನಲ್ಲ, ಅದೇ ವೃಕ. ಇಂಗ್ಲಿಷಿನ ವುಲ್ಫ್ ಕೂಡ ಅದೇ ಮನೆತನ.

ಉತ್ತರ ನಮ್ಮ ವ್ಯಾಕರಣದಲ್ಲೇ ಇತ್ತು

ಈಗ ಆಗ ಬಾಕಿ ಬಿಟ್ಟಿದ್ದ ಮಾತು. ಯ ಹೋಗಿ ಇ, ವ ಹೋಗಿ ಉ. ನಾವು ಹೈಸ್ಕೂಲಿನಲ್ಲಿ ಇದರ ತಿರುವುಮುರುವನ್ನು ಓದಿದ್ದೇವೆ. ಅತಿ + ಅಂತ = ಅತ್ಯಂತ. ಮನು + ಅಂತರ = ಮನ್ವಂತರ. ಪಿತೃ + ಆರ್ಜಿತ = ಪಿತ್ರಾರ್ಜಿತ. ಯಣ್ ಸಂಧಿ! ಇ ಮುಂದೆ ಬೇರೆ ಸ್ವರ ಬಂದರೆ ಯ, ಉ ಬಂದಲ್ಲಿ ವ, ಋ ಬಂದಲ್ಲಿ ರ. ಇ-ಯ, ಉ-ವ ಅವಳಿಗಳು, ನಾಲಿಗೆ ಸ್ವಲ್ಪ ಸರಿದರೆ ಒಂದು ಇನ್ನೊಂದಾಗುತ್ತದೆ ಅನ್ನೋದು ನಮ್ಮ ವೈಯಾಕರಣರಿಗೆ ಎರಡು ಸಾವಿರ ವರ್ಷಕ್ಕೂ ಹಿಂದೆ ಗೊತ್ತಿತ್ತು. ಫಿನೀಷಿಯನ್ನರ ಯ, ವ ಗ್ರೀಕರ ಇ, ಉ ಆಗಿದ್ದೂ ಇದೇ ಸಲಿಗೆಯಿಂದ. ಇಂಗ್ಲಿಷಿನ ವೈ ‘ಯೆಸ್’ನಲ್ಲಿ ಯ, ‘ಜಿಮ್’ನಲ್ಲಿ ಇ ಆಗೋದರಲ್ಲಿ ಯಾವ ಮಾಯೆಯೂ ಇಲ್ಲ. ಅಷ್ಟೇ ಯಾಕೆ, ‘ಹ್ಯಾಪಿಯಾಗಿದ್ದೀನಿ’ ಅಂತ ಯಕಾರಾಗಮ, ‘ಮೆನುವನ್ನು ಕೊಡಿ’ ಅಂತ ವಕಾರಾಗಮ ಮಾಡುತ್ತಾ ನಾವು ಇಂಗ್ಲಿಷ್ ಪದಗಳ ಮೇಲೆ ದಿನಾ ಇದೇ ಪ್ರಯೋಗ ಮಾಡುತ್ತಿದ್ದೇವೆ.

ಇಂಗ್ಲಿಷರ ಹಳೆಯ ವ್ಯಾಕರಣಗಳೂ ಇದನ್ನು ಮುಚ್ಚಿಟ್ಟಿರಲಿಲ್ಲ. 1795ರಲ್ಲಿ ಬಂದು ಹಲವು ದಶಕ ಶಾಲೆಗಳನ್ನು ಆಳಿದ ಲಿಂಡ್ಲಿ ಮರ್ರೆಯ ವ್ಯಾಕರಣ, ಐದು ಸ್ವರಾಕ್ಷರಗಳ ಜೊತೆಗೆ ಡಬಲ್ಯೂ ಮತ್ತು ವೈ ಕೂಡ ಕೆಲವೊಮ್ಮೆ ಸ್ವರ ಅಂತ ಸ್ಪಷ್ಟವಾಗಿ ಹೇಳುತ್ತದೆ. ಪದದ ಅಥವಾ ತುಂಡ್ಡಿನ ಮೊದಲಿಗೆ ಬಂದರೆ ವ್ಯಂಜನ, ಬೇರೆಡೆ ಸ್ವರ. ಒಂದೂವರೆ ಸಾಲಿನ ನಿಯಮ. ನಮ್ಮ ತರಗತಿಗಳಿಗೆ ಬರುವಷ್ಟರಲ್ಲಿ ಬಾಲ ಉದುರಿ ಐದಕ್ಷರ ಮಾತ್ರ ಉಳಿದಿತ್ತು.

ಇದೆಲ್ಲ ಯಾಕೆ ಹೇಳಿದೆ ಅಂದ್ರೆ, ಕನ್ನಡದಲ್ಲಿ ಕಲಿತ ಮಗು ಇಂಗ್ಲಿಷ್ ಕ್ಲಾಸಿಗೆ ಬರಿಗೈಯಲ್ಲಿ ಬರುವುದಿಲ್ಲ. ಕಾಗುಣಿತ ಕಲಿತ ಕಿವಿ ತಂದಿರುತ್ತದೆ. ಸ್ಕೈನಲ್ಲಿ ಸ್ವರ ಇದೆ ಅಂತ ಆ ಕಿವಿಗೆ ಗೊತ್ತು, ಅದಕ್ಕೇ ಅದು ‘ಯಾವ್ದು ಸಾರ್’ ಅಂತ ಕೇಳೋದು. “ನಿನ್ನ ಕಿವಿ ಸರಿಯಾಗಿದೆ ಕಂದಾ, ಇಲ್ಲಿ ವೈ ಅನ್ನೋದೇ ನಮ್ಮ ಐ-ಕಾರ” ಅಂದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತೆ. ಅದರ ಬದಲು ಕಿವಿಯನ್ನು ನಂಬಬೇಡ, ಬಾಯಿಪಾಠ ಮಾಡು ಅಂದಾಗ ಮಗು ಕಲಿಯೋದು ಇಂಗ್ಲಿಷನ್ನಲ್ಲ, ಹೆದರಿಕೆಯನ್ನು. ಆಮೇಲೆ ಇಂಟರ್‌ವ್ಯೂಗಳಲ್ಲಿ, ಮೀಟಿಂಗುಗಳಲ್ಲಿ ಬಾಯಿ ಕಟ್ಟುವುದು ಆ ಹೆದರಿಕೆಯೇ ಹೊರತು ಕನ್ನಡ ಮೀಡಿಯಂ ಅಲ್ಲ ಅಂತ ನನ್ನ ಅಭಿಪ್ರಾಯ.

ಮನೆಯಲ್ಲಿ ಎಬಿಸಿಡಿ ಕಲಿಯೋ ಮಕ್ಕಳಿದ್ದರೆ ಒಂದು ಆಟ ಆಡಿಸಿ ನೋಡಿ. ಐದು ಸ್ವರಾಕ್ಷರ ಇಲ್ಲದ ಪದ ಹುಡುಕೋದು, ಅದನ್ನು ಕನ್ನಡದಲ್ಲಿ ಬರೆದು ಸ್ವರ ಎಲ್ಲಿದೆ ಅಂತ ತೋರಿಸೋದು. ನಾನು ಇಲ್ಲಿ ಬಿಟ್ಟಿರುವ ಪದಗಳು ಇನ್ನೂ ಬೇಕಾದಷ್ಟಿವೆ. ನಿಮಗೆ ಹೊಳೆದದ್ದನ್ನು ಕೆಳಗೆ ಬರೆಯಿರಿ, ಅದರ ಊರು ಯಾವುದು ಅಂತ ಸೇರಿ ಹುಡುಕೋಣ.